ಸೈಕಲ್ ಪ್ರಶ್ನೋತ್ತರ: ಸೆಕೆಂಡ್ ಹ್ಯಾಂಡ್ ಮಡಚುವ ಸೈಕಲ್

ಬಳಸಿದ ಮಡಚುವ ಸೈಕಲ್ ಕೊಳ್ಳುವುದರ ಬಗ್ಗೆ, ಕೊಂಡ ಮೇಲೆ ಎದುರಾದ ತೊಂದರೆಗಳ ಬಗ್ಗೆ ಹಲವು ಪತ್ರಗಳು ಬಂದಿವೆ. ಒಂದೇ ವಿಷಯಕ್ಕೆ ಸೇರಿದವುಗಳನ್ನು ಆಯ್ದು, ಈ ಸಂಚಿಕೆಯನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನ ಒಂದು ಕುಟುಂಬ ಊರು ಬಿಡುತ್ತಿದ್ದು, 20 ಇಂಚಿನ ಚಕ್ರ ಮತ್ತು ಏಳು ಗೇರಿನ ಮಡಚುವ ಸೈಕಲ್ಲೊಂದನ್ನು ಮಾರಾಟಕ್ಕಿಟ್ಟಿದೆ. ಐದು ವರ್ಷ ಹಳೆಯದು. ಬಹುಕಾಲ ಬಾಲ್ಕನಿಯಲ್ಲಿಯೇ ನಿಂತಿತ್ತು ಎನ್ನುತ್ತಾರೆ. ನಾಯಂಡಹಳ್ಳಿಯಿಂದ ವೈಟ್‌ಫೀಲ್ಡ್ ಕಡೆಗೆ ಮೆಟ್ರೋದಲ್ಲಿ ಓಡಾಡುವ ನನಗೆ ಎರಡೂ ತುದಿಯಲ್ಲಿ ಇದು ಉಪಯೋಗಕ್ಕೆ ಬಂದೀತೆಂಬ ಆಸೆ. ಹಣ ಕೊಡುವ ಮೊದಲು ಏನೇನು ಪರೀಕ್ಷಿಸಬೇಕು?
— ಓದುಗರು, ಬೆಂಗಳೂರು

ಉತ್ತರ: ಸಾಮಾನ್ಯ ಸೈಕಲ್ಲಿನಲ್ಲಿ ಟೈರು, ಚೈನು, ಬ್ರೇಕ್ ಶೂ, ವೈರು ಹಾಳಾಗಿದ್ದರೂ ಚಿಂತೆಯಿಲ್ಲ, ಬೀದಿ ತುದಿಯ ಸೈಕಲ್ ಶಾಪಿನಲ್ಲಿ ಅವೆಲ್ಲ ಬದಲಾಗುತ್ತವೆ. ಮಡಚುವ ಸೈಕಲ್ಲಿನ ಸಂಗತಿ ಬೇರೆ. ಅದರ ಫ್ರೇಮನ್ನು ನಡುವೆ ತುಂಡರಿಸಿ ಕೀಲು ಕೂಡಿಸಿರುತ್ತಾರೆ, ಹ್ಯಾಂಡಲ್ ಕಂಬದ ಬುಡದಲ್ಲಿ ಇನ್ನೊಂದು ಕೀಲಿರುತ್ತದೆ, ಮತ್ತು ಸವಾರಿಯ ಒತ್ತಡ ಈ ಎರಡು ಜಾಗಗಳ ಮೇಲೆ ಹೆಚ್ಚಾಗಿ ಬೀಳುತ್ತದೆ. ಕೀಲು ಕೆಟ್ಟಿದ್ದರೆ ಅದನ್ನು ನಂಬುವಂತೆ ದುರಸ್ತಿ ಮಾಡಿಕೊಡುವವರು ಸಿಗುವುದು ಅಪರೂಪ. ಆದ್ದರಿಂದ ಪರೀಕ್ಷೆ ಕೀಲುಗಳಿಂದಲೇ ಆರಂಭವಾಗಲಿ. ಅಲ್ಲಿ ದೋಷ ಕಂಡರೆ ಉಳಿದುದನ್ನು ನೋಡುವ ಅಗತ್ಯವೇ ಇಲ್ಲ.

ಮೊದಲು ಒದ್ದೆ ಬಟ್ಟೆಯಿಂದ ನಡುವಿನ ಕೀಲನ್ನೂ ಅದರ ಎರಡು ಬದಿಯ ಬೆಸುಗೆಯನ್ನೂ ಚೆನ್ನಾಗಿ ಒರೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿರಿ. ಸೈಕಲ್ಲನ್ನು ಮಗುಚಿ ಕೆಳಭಾಗವನ್ನು ವಿಶೇಷವಾಗಿ ಗಮನಿಸಬೇಕು. ಏಕೆಂದರೆ ಸವಾರ ಕುಳಿತಾಗ ಫ್ರೇಮಿನ ಅಡಿಭಾಗವೇ ಜಗ್ಗುತ್ತದೆ ಮತ್ತು ಬಿರುಕು ಸಾಮಾನ್ಯವಾಗಿ ಅಲ್ಲಿಂದಲೇ ಹೊರಡುತ್ತದೆ. ಬಿರುಕು ಯಾವಾಗಲೂ ಬಾಯ್ದೆರೆದುಕೊಂಡು ಕಾಣುವುದಿಲ್ಲ: ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಒಂದೆಡೆ ಉಬ್ಬಿದ ಬಣ್ಣ, ಬೆಸುಗೆಯ ಅಂಚಿಗೆ ಸಮನಾಗಿ ಹಾದ ತುಕ್ಕಿನ ರೇಖೆ, ಇವು ಅದರ ಸೂಚನೆಗಳು. ಉಗುರಿನ ತುದಿಯನ್ನು ಅಡ್ಡಲಾಗಿ ಎಳೆದಾಗ ಗೆರೆಯಲ್ಲಿ ಸಿಕ್ಕಿಕೊಂಡರೆ ಕೇವಲ ಬಣ್ಣದ ಗೀರೆಂದು ತಳ್ಳಿಹಾಕಬೇಡಿ. ಕೀಲಿನ ಸುತ್ತ ಮಾತ್ರ ಹೊಸ ಬಣ್ಣ ಬಳಿದಿದ್ದರೆ, ಅಥವಾ ಅಲ್ಲಿಗೆ ಸಂಬಂಧವಿಲ್ಲದ ಸ್ಟಿಕ್ಕರ್ ಅಂಟಿಸಿದ್ದರೆ, ಅದರ ಕಾರಣವನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಒಂದು ಚಿಕ್ಕ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಒಳ್ಳೆಯದು. ಫ್ರೇಮಿಗೆ ಅದು ಅಂಟಿಕೊಂಡರೆ ಉಕ್ಕು, ಅಂಟದಿದ್ದರೆ ಬಹುತೇಕ ಅಲ್ಯೂಮಿನಿಯಂ. ಉಕ್ಕಿನ ಫ್ರೇಮಾಗಿದ್ದರೆ ಬಾಲ್ಕನಿಯ ಮಳೆ ಒಳಗಿನಿಂದ ತುಕ್ಕು ಹಿಡಿಸಿರಬಹುದು; ಸೀಟನ್ನು ಪೂರ್ತಿ ಹೊರತೆಗೆದು ಕೊಳವೆಯೊಳಗೆ ಬೆಳಕು ಹಾಯಿಸಿ ನೋಡಿರಿ. ಅಲ್ಯೂಮಿನಿಯಂ ಹಾಗೆ ಕೆಂಪು ತುಕ್ಕು ಹಿಡಿಯುವುದಿಲ್ಲ, ಆದರೆ ಪದೇ ಪದೇ ಬೀಳುವ ಭಾರದಿಂದ ಅದು ದಣಿಯುತ್ತ ಹೋಗುತ್ತದೆ, ಮತ್ತು ಆ ದಣಿವು ಹೊರಗೆ ಕಾಣುವುದು ಬಿರುಕಾಗಿಯೇ.

ಇನ್ನು ಅಲುಗಾಟದ ಪರೀಕ್ಷೆ. ಕೀಲನ್ನು ಮುಚ್ಚಿ, ಅದನ್ನು ಬಿಗಿಹಿಡಿಯುವ ಲಿವರನ್ನು ಹಾಕಿ, ಸುರಕ್ಷತೆಯ ಕೊಂಡಿಯೂ ಸಿಕ್ಕಿಕೊಂಡಿದೆಯೆಂದು ಖಚಿತಪಡಿಸಿಕೊಳ್ಳಿ. ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತಿರುವಾಗ, ಇನ್ನೊಂದು ಕೈಯ ಬೆರಳನ್ನು ಕೀಲಿನ ಎರಡು ಭಾಗ ಕೂಡುವ ಸಂದಿಯ ಮೇಲೆ ಅಡ್ಡಲಾಗಿ ಇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಜರುಗಾಟವೂ ಬೆರಳಿಗೆ ತಿಳಿಯುತ್ತದೆ. ಅಲುಗಾಟ ಸಂದಿಯಲ್ಲಿಲ್ಲದೆ ಹ್ಯಾಂಡಲ್ಲಿನ ಕೆಳಗಿನ ಬೇರಿಂಗಿನಲ್ಲಿ ಇದ್ದರೆ ಅದು ಕಡಿಮೆ ಖರ್ಚಿನ ಕೆಲಸ. ಸಂದಿಯಲ್ಲೇ ಇದ್ದರೆ ಲಿವರಿನ ಬಿಗಿಯನ್ನು ಸರಿಪಡಿಸಿ ಮತ್ತೆ ನೋಡಬೇಕು. ಹೊಂದಿಸುವ ನಟ್ಟು ಆಗಲೇ ತುದಿಯವರೆಗೆ ತಿರುಗಿದ್ದು, ಇನ್ನೂ ಸಡಿಲವೇ ಉಳಿದಿದ್ದರೆ ಕೀಲಿನ ಮೊಳೆಯೋ ಅದರ ತೂತೋ ಸವೆದಿದೆಯೆಂದು ಅರ್ಥ. ಅಂಥ ಸೈಕಲ್ಲನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಕೊಳ್ಳಬಾರದು.

ಹ್ಯಾಂಡಲ್ ಕಂಬದ ಕೀಲನ್ನು ಇದಕ್ಕಿಂತ ಕಟ್ಟುನಿಟ್ಟಾಗಿ ನೋಡಬೇಕು. ನಡುವಿನ ಕೀಲು ಸಡಿಲವಾದಾಗ ಸೈಕಲ್ ಕಿರುಗುಟ್ಟಿ, ಬಳುಕಿ ಎಚ್ಚರಿಸುವುದುಂಟು. ಕಂಬವು ಬುಡದಲ್ಲಿ ಮುರಿದರೆ ಸವಾರನಿಗೆ ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ, ಆಮೇಲೆ ಪಕ್ಕಕ್ಕೆ ಬಲವಾಗಿ ಎಳೆಯಿರಿ. ಉದ್ದನೆಯ ಕಂಬ ಸ್ವಲ್ಪ ಬಾಗುವುದು ಸಹಜ, ಆದರೆ ಬುಡದಲ್ಲಿ ‘ಟಕ್’ ಎನ್ನುವುದು ಸಹಜವಲ್ಲ. ಹೆಸರಾಂತ ತಯಾರಕರೂ ಕೀಲು ಮತ್ತು ಕಂಬದ ದೋಷಕ್ಕಾಗಿ ಕೆಲವು ಮಾದರಿಗಳನ್ನು ವಾಪಸು ಕರೆಸಿಕೊಂಡದ್ದಿದೆ. ಪೆಡಲಿನ ಅಚ್ಚು ಹಾಯುವ ಕೊಳವೆಯ ಅಡಿಯಲ್ಲಿ ಸಾಮಾನ್ಯವಾಗಿ ಕೆತ್ತಿರುವ ಫ್ರೇಮ್ ಸಂಖ್ಯೆಯನ್ನು ಬರೆದುಕೊಂಡು, ಆ ಮಾದರಿಯ ಬಗ್ಗೆ ಅಂಥ ಪ್ರಕಟಣೆ ಇದೆಯೇ ಎಂದು ತಯಾರಕರ ತಾಣದಲ್ಲಿ ಹುಡುಕಿ ನೋಡಿರಿ. ಮೂಲ ಬಿಲ್ಲಿನಲ್ಲಿ ಸಂಖ್ಯೆ ನಮೂದಾಗಿದ್ದರೆ ಎರಡೂ ಹೊಂದುತ್ತವೆಯೇ ಎಂದು ತಾಳೆ ನೋಡಿಬಿಡಿ. ಕದ್ದ ಮಾಲಲ್ಲ ಎಂಬ ಸಮಾಧಾನವೂ ಅದರಿಂದ ದೊರೆಯುತ್ತದೆ.

ಸೀಟನ್ನು ಹೊತ್ತ ಕಂಬವನ್ನು, ಅಂದರೆ ಸೀಟ್ ಪಿಲ್ಲರನ್ನು, ಹೊರಗೆಳೆದು ಅದನ್ನೂ ಪರಿಶೀಲಿಸಿ. ಮಡಚುವ ಸೈಕಲ್ಲಿನ ಪಿಲ್ಲರ್ ಬಹಳ ಉದ್ದ, ಮತ್ತು ದಪ್ಪದಲ್ಲಿಯೂ ಬೇರೆ: ಡಾಹೋನ್ ಕಂಪನಿಯ ಬಹಳಷ್ಟು ಮಾದರಿಗಳಲ್ಲಿ 33.9 ಮಿ.ಮೀ., ಬ್ರಾಂಪ್ಟನ್ನಿನಲ್ಲಿ 31.8 ಮಿ.ಮೀ. ಸಾಮಾನ್ಯ ಸೈಕಲ್ಲಿನ ಪಿಲ್ಲರ್ ಇವಕ್ಕಿಂತ ಸಣ್ಣದಾದ್ದರಿಂದ ಶಾಪಿನಲ್ಲಿ ಬದಲಿ ಸಿಗುವುದಿಲ್ಲ. ಹಾಗೆಯೇ ಕೆಲವು ಮಾದರಿಗಳಲ್ಲಿ ಮುಂದಿನ ಚಕ್ರದ ನಡುವಿನ ಹಬ್ಬಿನ ಅಗಲ ಸಾಮಾನ್ಯವಾದ 100 ಮಿ.ಮೀ. ಬದಲು 74 ಮಿ.ಮೀ. ಇರುತ್ತದೆ, ಅಂಥದ್ದಕ್ಕೆ ಸಿದ್ಧ ಚಕ್ರ ಹುಡುಕುವುದು ಕಷ್ಟ. ಅಳತೆಪಟ್ಟಿಯೊಂದು ಕೈಯಲ್ಲಿದ್ದರೆ ಈ ವಿಷಯ ಒಂದು ನಿಮಿಷದಲ್ಲಿ ತಿಳಿಯುತ್ತದೆ.

ಉಳಿದವು ಚೌಕಾಶಿಗೆ ಸಂಬಂಧಿಸಿದವು. ಚಕ್ರ ತಿರುಗಿಸಿ ರಿಮ್ ಬೆಂಡಾಗಿದೆಯೇ ನೋಡಿ. ರಿಮ್ಮಿನ ಬದಿಯಲ್ಲಿ ಬ್ರೇಕ್ ಶೂ ಉಜ್ಜುವ ಜಾಗ ತಗ್ಗಾಗಿದ್ದರೆ ರಿಮ್ಮೇ ಸವೆದಿದೆ. ಚಿಕ್ಕ ಚಕ್ರ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ ಅದರ ರಿಮ್ ಬೇಗ ಸವೆಯುತ್ತದೆ. ಚೈನಿನ 24 ಕೊಂಡಿಗಳ ಉದ್ದ ಹೊಸದರಲ್ಲಿ 304.8 ಮಿ.ಮೀ.; ಅದು 306.5ರ ಹತ್ತಿರ ಬಂದಿದ್ದರೆ ಚೈನು ಬದಲಿಸಬೇಕು, 308 ತಲಪಿದ್ದರೆ ಹಿಂದಿನ ಹಲ್ಲಿನ ಚಕ್ರಗಳೂ ಹೊಸ ಚೈನಿಗೆ ಹೊಂದುವುದು ಅನುಮಾನ. ಬಾಲ್ಕನಿಯಲ್ಲಿ ಬಿಸಿಲು ಕಾದ ಟೈರಿನ ಬದಿಯಲ್ಲಿ ಬಿರುಕುಗಳಿರಬಹುದು. ಎರಡು ಟೈರು, ಎರಡು ಟ್ಯೂಬು, ಬ್ರೇಕ್ ಶೂ, ವೈರುಗಳು ಮತ್ತು ಚೈನಿನ ಬೆಲೆಯನ್ನು ಶಾಪಿನಲ್ಲಿ ಮೊದಲೇ ವಿಚಾರಿಸಿಕೊಂಡು ಹೋದರೆ ಎಷ್ಟು ಇಳಿಸಿ ಕೇಳಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಕೊನೆಯಲ್ಲಿ, ಮಾರುವವರು ಮಡಚಿ ತೋರಿಸಿದರೆ ಸಾಲದು, ನೀವೇ ಒಂದೆರಡು ಬಾರಿ ಮಡಚಿ ಬಿಚ್ಚಬೇಕು. ಮಡಚುವಾಗ ಬ್ರೇಕ್ ಮತ್ತು ಗೇರಿನ ವೈರುಗಳು ಜಗ್ಗುತ್ತಿಲ್ಲ, ಕೀಲಿನ ಬಾಯಿಗೆ ಸಿಕ್ಕುತ್ತಿಲ್ಲ ಎಂಬುದನ್ನು ಗಮನಿಸಿ, ಮಡಚಿದ ಸೈಕಲ್ಲಿನ ಉದ್ದ, ಎತ್ತರ, ಅಗಲ ಮತ್ತು ತೂಕವನ್ನು ಅಳೆದುಕೊಳ್ಳಿ. ನಮ್ಮ ಮೆಟ್ರೋ 2022ರಲ್ಲಿ ಮಡಚುವ ಸೈಕಲ್ಲುಗಳಿಗೆ ಅವಕಾಶ ಕೊಟ್ಟಾಗ 15 ಕೆ.ಜಿ. ತೂಕ ಮತ್ತು 60×45×25 ಸೆಂ.ಮೀ. ಅಳತೆಯ ಮಿತಿಯನ್ನು ಹೇಳಿತ್ತು. 20 ಇಂಚಿನ ಸೈಕಲ್ ಮಡಚಿದ ಮೇಲೂ ಉದ್ದದಲ್ಲಿ 75ರಿಂದ 80 ಸೆಂ.ಮೀ. ಇರುವುದು ಸಾಮಾನ್ಯ. ಆದ್ದರಿಂದ ಸೈಕಲ್ ಎಷ್ಟೇ ಚೆನ್ನಾಗಿದ್ದರೂ, ಮುಂಗಡ ಕೊಡುವ ಮೊದಲು ಆ ಅಳತೆಯನ್ನು ನೀವು ಹತ್ತುವ ನಿಲ್ದಾಣದ ಸಿಬ್ಬಂದಿಗೆ ತಿಳಿಸಿ ವಿಚಾರಿಸಿಕೊಳ್ಳುವುದು ಅಗತ್ಯ.

ಪ್ರಶ್ನೆ: ಬಳಸಿದ ಮಡಚುವ ಸೈಕಲ್ ಕೊಂಡು ಸ್ವಲ್ಪ ದಿನವಾಯಿತು. ಚಾಮುಂಡಿ ಬೆಟ್ಟದ ಕಡೆಯ ಏರಿನಲ್ಲಿ ಬಲವಾಗಿ ತುಳಿದಾಗ ನಡುವಿನಿಂದ ಕಿರುಗುಟ್ಟುವ ಸದ್ದು ಬರುತ್ತದೆ. ಕೀಲಿಗೆ ಧಾರಾಳವಾಗಿ ಎಣ್ಣೆ ಬಿಟ್ಟೆ, ಸದ್ದು ನಿಲ್ಲಲಿಲ್ಲ.
— ಓದುಗರು, ಮೈಸೂರು

ಉತ್ತರ: ಎಣ್ಣೆ ಬೇಕಾದದ್ದು ಕೀಲು ತಿರುಗುವ ಮೊಳೆಗೆ ಮಾತ್ರ, ಅದೂ ಒಂದೆರಡು ಹನಿ. ಎರಡು ಭಾಗಗಳು ಮುಖಾಮುಖಿ ಕೂಡುವ ಜಾಗದಲ್ಲಿ ಎಣ್ಣೆಯಿದ್ದರೆ ಧೂಳು ಅಂಟಿ, ಅರೆಯುವ ಪುಡಿಯಂತೆ ಲೋಹವನ್ನು ತಿನ್ನುತ್ತದೆ. ಆದ್ದರಿಂದ ಮೊದಲು ಎಲ್ಲವನ್ನೂ ಒರೆಸಿ ಒಣಗಿಸಿ. ಅನಂತರ ಲಿವರಿನ ಬಿಗಿಯನ್ನು ಹೊಂದಿಸಿ: ಲಿವರ್ ಅರ್ಧ ದಾರಿ ಬಂದಾಗ ಬಿಗಿ ತಿಳಿಯತೊಡಗಬೇಕು, ಅಲ್ಲಿಂದ ಮುಂದೆ ಅಂಗೈಯಿಂದ ಒತ್ತಿ ಮುಚ್ಚುವಷ್ಟು ಗಟ್ಟಿಯಾಗಿರಬೇಕು. ಒಂದು ಬೆರಳಿನಿಂದ ಮುಚ್ಚಿದರೆ ಸಡಿಲ. ಎರಡು ಕೈಯಿಂದ ಜಜ್ಜಿ ಮುಚ್ಚಬೇಕಾದರೆ ಅತಿಯಾಯಿತು, ಅದರಿಂದ ಲಿವರೇ ಮುರಿಯಬಹುದು. ಹೊಂದಿಸುವ ನಟ್ಟನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸದೆ, ಪ್ರತಿ ಸಲವೂ ಮುಚ್ಚಿ ಪರೀಕ್ಷಿಸಿರಿ.

ಆದರೂ ಸದ್ದು ಉಳಿದರೆ ಅದು ಕೀಲಿನದ್ದೇ ಎಂದು ಭಾವಿಸಬೇಡಿ. ಫ್ರೇಮಿನ ಕೊಳವೆಗಳು ಸದ್ದನ್ನು ಬೇರೆಡೆಗೆ ಒಯ್ಯುವುದರಿಂದ ಅದು ಹುಟ್ಟುವ ಜಾಗವನ್ನು ಕಿವಿಯೊಂದರಿಂದಲೇ ಹೇಳಲಾಗದು. ಸೀಟಿನ ಮೇಲೆ ಕೂರದೆ ನಿಂತು ತುಳಿದಾಗ ಸದ್ದು ನಿಂತರೆ ಸೀಟ್ ಪಿಲ್ಲರನ್ನು ಅನುಮಾನಿಸಿ. ತುಳಿತದ ಒಂದೇ ಹಂತದಲ್ಲಿ ಬರುತ್ತಿದ್ದರೆ ಪೆಡಲನ್ನೋ ಅದನ್ನು ಹೊತ್ತ ಕ್ರ್ಯಾಂಕಿನ ಬೋಲ್ಟನ್ನೋ ನೋಡಿ. ಮಡಚುವ ಪೆಡಲುಗಳಲ್ಲಿ ಪ್ಲಾಸ್ಟಿಕ್ಕಿನ ಭಾಗಗಳೇ ಹೆಚ್ಚು, ಅವು ಬೇಗ ಸಡಿಲವಾಗುತ್ತವೆ. ಕೀಲನ್ನು ಒರೆಸಿದಾಗ ಬೆಸುಗೆಯ ಬಳಿ ಯಾವುದೇ ಗೆರೆ ಕಂಡರೆ ಮಾತ್ರ ಸೈಕಲ್ಲನ್ನು ಓಡಿಸುವುದನ್ನೇ ನಿಲ್ಲಿಸಿ.

ಪ್ರಶ್ನೆ: ನನ್ನ ಸೈಕಲ್ಲಿಗೆ 20 ಇಂಚಿನ ಟೈರೆಂದು ಕೇಳಿ ತಂದೆ. ರಿಮ್ಮಿಗೆ ಕೂರಲೇ ಇಲ್ಲ. ಅಂಗಡಿಯವರು 20 ಎಂದರೆ 20 ಎಂದು ವಾದಿಸುತ್ತಾರೆ.
— ಓದುಗರು, ಹುಬ್ಬಳ್ಳಿ

ಉತ್ತರ: ವಾದದಲ್ಲಿ ಇಬ್ಬರೂ ಸರಿ, ಟೈರು ಮಾತ್ರ ತಪ್ಪು. 20 ಇಂಚೆಂದು ಕರೆಯುವ ಟೈರುಗಳಲ್ಲಿ ರಿಮ್ಮಿಗೆ ಕೂರುವ ಅಂಚಿನ ವ್ಯಾಸ ಒಂದೇ ಇರುವುದಿಲ್ಲ. 20×1.75ರಂತೆ ದಶಮಾಂಶದಲ್ಲಿ ಬರೆದದ್ದರ ಅಂಚಿನ ವ್ಯಾಸ ಸಾಮಾನ್ಯವಾಗಿ 406 ಮಿ.ಮೀ., 20×1⅜ರಂತೆ ಭಿನ್ನರಾಶಿಯಲ್ಲಿ ಬರೆದದ್ದರದು 451 ಮಿ.ಮೀ. ಒಂದು ಇನ್ನೊಂದಕ್ಕೆ ಎಷ್ಟು ಎಳೆದರೂ ಕೂರದು. 16 ಇಂಚಿನಲ್ಲಿಯೂ ಇದೇ ಪಾಡು: ಮಕ್ಕಳ ಸೈಕಲ್ಲಿನದು ಬಹುಪಾಲು 305, ಬ್ರಾಂಪ್ಟನ್ ಮತ್ತು ಅದೇ ಬಗೆಯ ಮೂರು ಮಡಿಕೆಯ ಸೈಕಲ್ಲುಗಳದು 349. ಹಳೆಯ ಟೈರಿನ ಬದಿಯಲ್ಲಿ 47-406 ಎಂಬಂತೆ ಗೆರೆ ಹಾಕಿ ಎರಡು ಸಂಖ್ಯೆಗಳನ್ನು ಅಚ್ಚೊತ್ತಿರುತ್ತಾರೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ಈ ವ್ಯಾಸ. ಇನ್ನು ಮುಂದೆ ಇಂಚಿನ ಮಾತು ಬಿಟ್ಟು ಆ ಎರಡನೆಯ ಸಂಖ್ಯೆಯನ್ನೇ ಹೇಳಿ ಕೇಳಿರಿ. 406 ಆಗಿದ್ದರೆ ನೀವು ಅದೃಷ್ಟವಂತರು, ಏಕೆಂದರೆ ಮಕ್ಕಳ ಸೈಕಲ್ಲಿನ ಟೈರು ಮತ್ತು ಟ್ಯೂಬುಗಳಲ್ಲಿ ಆ ಅಳತೆ ಸುಲಭವಾಗಿ ದೊರೆಯುತ್ತದೆ.

ಟ್ಯೂಬಿನ ಬಾಯಿಯನ್ನೂ ಗಮನಿಸಿ. ಅದು ಮೋಟಾರ್ ಬೈಕಿನಂಥದ್ದಾದರೆ ಪೆಟ್ರೋಲ್ ಬಂಕಿನಲ್ಲಿ ಗಾಳಿ ತುಂಬಿಸಬಹುದು, ಆದರೆ ಚಿಕ್ಕ ಟ್ಯೂಬಿನಲ್ಲಿ ಒತ್ತಡ ಕ್ಷಣದಲ್ಲಿ ಏರುವುದರಿಂದ ಟೈರಿನ ಮೇಲೆ ಬರೆದಿರುವ ಮಿತಿಯನ್ನು ಮೊದಲೇ ತಿಳಿಸಿರಿ. ಗಾಳಿ ಕಡಿಮೆಯಿದ್ದರೂ ಕಷ್ಟವೇ. ಗುಂಡಿಗೆ ಇಳಿದಾಗ ಚಿಕ್ಕ ಚಕ್ರದ ರಿಮ್ ನೇರವಾಗಿ ಪೆಟ್ಟು ತಿನ್ನುತ್ತದೆ.

ಪ್ರಶ್ನೆ: ಸವಾರಿ ಮಾಡುತ್ತಿರುವಾಗ ಸೀಟು ನಿಧಾನವಾಗಿ ಕೆಳಗೆ ಜಾರುತ್ತದೆ. ಸಮುದ್ರದ ಗಾಳಿಗೆ ತುಕ್ಕು ಹಿಡಿಯದಿರಲೆಂದು ಪಿಲ್ಲರಿಗೆ ಗ್ರೀಸ್ ಹಚ್ಚಿದ್ದೆ.
— ಓದುಗರು, ಮಂಗಳೂರು

ಉತ್ತರ: ಜಾರಲು ಆ ಗ್ರೀಸೇ ಕಾರಣವಿರಬೇಕು. ಸಾಮಾನ್ಯ ಸೈಕಲ್ಲಿನ ಪಿಲ್ಲರಿಗೆ ತೆಳುವಾಗಿ ಗ್ರೀಸ್ ಹಚ್ಚುವುದು ಒಳ್ಳೆಯ ಪದ್ಧತಿಯೇ, ಏಕೆಂದರೆ ಅದನ್ನು ಬೋಲ್ಟಿನಿಂದ ಬಿಗಿದು ವರ್ಷಗಟ್ಟಲೆ ಹಾಗೆಯೇ ಬಿಡುತ್ತಾರೆ. ಮಡಚುವ ಸೈಕಲ್ಲಿನಲ್ಲಿ ಲಿವರಿನ ಹಿಡಿತವಲ್ಲದೆ ಬೇರೆ ಆಸರೆಯಿಲ್ಲ, ಮತ್ತು ಆ ಹಿಡಿತಕ್ಕೆ ಒಣ ಮೇಲ್ಮೈ ಬೇಕು. ಪಿಲ್ಲರನ್ನೂ ಕೊಳವೆಯ ಒಳಭಾಗವನ್ನೂ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಕೊಳವೆಯ ಬಾಯಲ್ಲಿ ಪಿಲ್ಲರನ್ನು ಸುತ್ತಿ ಕೂರುವ ಪ್ಲಾಸ್ಟಿಕ್ಕಿನ ಕವಚವಿದ್ದರೆ ಅದು ಸೀಳಿದೆಯೇ ನೋಡಿ. ಸೀಳಿದ್ದರೆ ಎಷ್ಟು ಬಿಗಿದರೂ ಪಿಲ್ಲರ್ ನಿಲ್ಲದು. ತುಕ್ಕಿನ ಭಯಕ್ಕೆ ಬೇರೆ ಉಪಾಯವಿದೆ: ವಾರಕ್ಕೊಮ್ಮೆ ಪಿಲ್ಲರನ್ನು ಪೂರ್ತಿ ತೆಗೆದು ಒಣಬಟ್ಟೆಯಿಂದ ಒರೆಸುವುದು, ಮಳೆಯಲ್ಲಿ ನೆನೆದ ದಿನ ಅದನ್ನು ಹೊರತೆಗೆದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸುವುದು. ಉಕ್ಕಿನ ಫ್ರೇಮಿನೊಳಗೆ ಅಲ್ಯೂಮಿನಿಯಂ ಪಿಲ್ಲರ್ ಇದ್ದು, ಕರಾವಳಿಯ ಉಪ್ಪುಗಾಳಿಯಲ್ಲಿ ಅಲುಗಾಡಿಸದೆ ಬಿಟ್ಟರೆ ಎರಡೂ ಕಚ್ಚಿಕೊಂಡು ಕೂತುಬಿಡುತ್ತವೆ. ನಿಮ್ಮದು ಜಾರುತ್ತಿದೆ ಎನ್ನುವುದು ಅದಕ್ಕಿಂತ ಎಷ್ಟೋ ವಾಸಿಯಾದ ತೊಂದರೆ.

ಪ್ರಶ್ನೆ: ಹೊರದೇಶದಿಂದ ಬಂದ ಸಂಬಂಧಿಕರು ಕೊಟ್ಟ ಸೈಕಲ್ಲಿನಲ್ಲಿ ಬಲಗೈಯ ಬ್ರೇಕ್ ಹಿಡಿದರೆ ಹಿಂದಿನ ಚಕ್ರ ನಿಲ್ಲುತ್ತದೆ. ಹೀಗೆಯೇ ಇರಲೇ?
— ಓದುಗರು, ತುಮಕೂರು

ಉತ್ತರ: ಬದಲಿಸುವುದೇ ಲೇಸು. ಅಮೆರಿಕ ಮತ್ತು ಯುರೋಪಿನ ಅನೇಕ ದೇಶಗಳಲ್ಲಿ ಎಡಗೈಗೆ ಮುಂದಿನ ಬ್ರೇಕ್ ಕೊಡುತ್ತಾರೆ. ನಮ್ಮಲ್ಲಿ ಬ್ರಿಟನ್ನಿನ ರೂಢಿಯಂತೆ ಬಲಗೈಗೆ. ಮೋಟಾರ್ ಬೈಕಿನಲ್ಲಿಯೂ ಮುಂದಿನ ಬ್ರೇಕ್ ಬಲಗೈಯಲ್ಲಿಯೇ ಇರುವುದರಿಂದ ತುರ್ತಿನಲ್ಲಿ ಕೈ ಯೋಚಿಸದೆ ಆ ಅಭ್ಯಾಸದಂತೆಯೇ ನಡೆಯುತ್ತದೆ. ವೈರುಗಳನ್ನು ಅದಲುಬದಲು ಮಾಡುವಾಗ ಅವುಗಳ ಹೊರಕವಚದ ಉದ್ದವೂ ಬದಲಾಗಬೇಕಾದೀತು, ಆದ್ದರಿಂದ ಎರಡನ್ನೂ ಹೊಸದಾಗಿ ಹಾಕಿಸಿ, ಸೈಕಲ್ಲನ್ನು ಪೂರ್ತಿ ಮಡಚಿ ನೋಡಿದ ಮೇಲೆಯೇ ಕತ್ತರಿಸಲು ಹೇಳಿ. ಗೇರಿನ ವೈರಿನ ಕವಚವನ್ನು ಬ್ರೇಕಿಗೆ ಬಳಸಲು ಬಿಡಬೇಡಿ. ಅದರೊಳಗಿನ ತಂತಿಗಳು ಉದ್ದುದ್ದಕ್ಕೆ ಇರುವುದರಿಂದ ಬ್ರೇಕಿನ ಎಳೆತಕ್ಕೆ ಕವಚ ಸೀಳಿಹೋಗಬಹುದು. ಬ್ರೇಕ್ ಶೂ ಮತ್ತು ರಿಮ್ಮಿನ ನಡುವೆ ಒಂದೆರಡು ಮಿ.ಮೀ. ಅಂತರ ಸಾಕು; ಪೂರ್ತಿ ಹಿಡಿದಾಗ ಲಿವರ್ ಹ್ಯಾಂಡಲ್ಲಿಗೆ ತಾಗಬಾರದು, ಶೂ ಟೈರನ್ನು ಮುಟ್ಟಬಾರದು.

ಪ್ರಶ್ನೆ: ಒಂದೇ ಸೈಕಲ್ಲನ್ನು ನಾನೂ ನಮ್ಮ ಯಜಮಾನರೂ ಬಳಸುತ್ತೇವೆ. ಅವರ ಎತ್ತರ ಹೆಚ್ಚು, ತೂಕ 95 ಕೆ.ಜಿ. ಸೀಟಿನ ಎತ್ತರ ಹೇಗೆ ಹೊಂದಿಸಬೇಕು? ಆ ಭಾರವನ್ನು ಸೈಕಲ್ ತಾಳುವುದೇ?
— ಓದುಗರು, ಶಿವಮೊಗ್ಗ

ಉತ್ತರ: ಪೆಡಲನ್ನು ಅತ್ಯಂತ ಕೆಳಗೆ ತಂದು, ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಅದರ ಮೇಲಿಟ್ಟಾಗ ಕಾಲು ನೇರವಾಗುವಷ್ಟು ಎತ್ತರ ಸರಿ. ತುಳಿಯುವಾಗ ಪಾದದ ಮುಂಭಾಗವನ್ನು ಬಳಸುವುದರಿಂದ ಮೊಣಕಾಲು ತುಸು ಬಾಗಿಯೇ ಇರುತ್ತದೆ. ಇಬ್ಬರ ಎತ್ತರಕ್ಕೂ ಪಿಲ್ಲರಿನ ಮೇಲೆ ಅಳಿಸದ ಎರಡು ಬಣ್ಣದ ಪೆನ್ನಿನಿಂದ ಗುರುತು ಮಾಡಿಕೊಂಡರೆ ಪ್ರತಿ ಸಲ ಅಳೆಯುವ ಶ್ರಮ ತಪ್ಪುತ್ತದೆ. ಪಿಲ್ಲರಿನ ಮೇಲೆ ಕೊರೆದಿರುವ ಕನಿಷ್ಠ ಆಳದ ಗೆರೆ ಯಜಮಾನರ ಎತ್ತರಕ್ಕೂ ಕೊಳವೆಯೊಳಗೆ ಮುಚ್ಚಿಹೋಗಿರಬೇಕು. ಗೆರೆ ಹೊರಗೆ ಕಂಡರೆ ಆ ಸೈಕಲ್ ಅವರ ಎತ್ತರಕ್ಕೆ ಆಗದು, ಒಂದು ಬೆರಳಗಲ ಹೆಚ್ಚಾದರೆ ಏನಾದೀತು ಎನ್ನುವಂತಿಲ್ಲ. ಫ್ರೇಮಿನ ಕೊಳವೆಯೇ ಅಲ್ಲಿ ಸೀಳಬಹುದು.

ತೂಕದ ಮಿತಿ ಮಾದರಿಯಿಂದ ಮಾದರಿಗೆ ಬೇರೆ. ಡಾಹೋನ್ ಅನೇಕ ಮಾದರಿಗಳಿಗೆ 105 ಕೆ.ಜಿ. ಎನ್ನುತ್ತದೆ, ಬ್ರಾಂಪ್ಟನ್ 110 ಕೆ.ಜಿ.; ಬ್ರಾಂಪ್ಟನ್ ಹೇಳುವ ಮಿತಿಯಲ್ಲಿ ಹೊತ್ತ ಸಾಮಾನೂ ಸೇರುತ್ತದೆ. ನಿಮ್ಮ ಮಾದರಿಯ ಕೈಪಿಡಿಯಲ್ಲಿ 100 ಎಂದಿದ್ದರೆ, ಲ್ಯಾಪ್‌ಟಾಪು, ಊಟದ ಡಬ್ಬಿಗಳಿರುವ ಚೀಲವೇ ಮಿತಿಯನ್ನು ದಾಟಿಸಿಬಿಡುತ್ತದೆ. ಬಳಸಿದ ಸೈಕಲ್ಲಿನಲ್ಲಿ ಮಿತಿಯ ಅಂಚಿನವರೆಗೆ ಹೋಗದಿರುವುದೇ ನಮ್ಮ ಸಲಹೆ.

ಪ್ರಶ್ನೆ: ಮುರಿದ ಎಡ ಪೆಡಲನ್ನು ಬಿಚ್ಚಲು ಎಷ್ಟು ಬಲ ಹಾಕಿದರೂ ಬರುತ್ತಿಲ್ಲ.
— ಓದುಗರು, ದಾವಣಗೆರೆ

ಉತ್ತರ: ಬಹುಶಃ ನೀವು ಅದನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದೀರಿ. ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ. ಪೆಡಲಿಗೆ ಎದುರಾಗಿ ನಿಂತು ಸ್ಪ್ಯಾನರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟಿಡಿ. ಹೊಸ ಪೆಡಲನ್ನು ಹಾಕುವಾಗ ಮರೆಗೆ ಗ್ರೀಸ್ ಹಚ್ಚಿ, ಮೊದಲ ಕೆಲವು ಸುತ್ತುಗಳನ್ನು ಕೈಯಿಂದಲೇ ತಿರುಗಿಸಿ. ಅಡ್ಡ ಮರೆ ಬಿದ್ದರೆ ಕ್ರ್ಯಾಂಕನ್ನೇ ಬದಲಿಸಬೇಕಾಗುತ್ತದೆ.